ಬಿಸಿಲಿಗೆ ಸುಣ್ಣವಾಗದ ಕಲ್ಲು

ಬಾಗಲಕೋಟೆಯ ಮೇ ತಿಂಗಳನ್ನು ಬಣ್ಣಿಸಲು ನಮ್ಮವರಿಗೆ ಒಂದೇ ಮಾತು ಸಾಕು: "ಕಲ್ಲು ಸುಟ್ಟು ಸುಣ್ಣ ಆಗೂ ಬಿಸಲ ಬಿಡ್ರಿ." ಮೆಂತ್ಯೆ ಪಲ್ಲೆ ಹಿಡಿದುಕೊಂಡು ಮನೆಗೆ ಹೊರಟವನು, ಹಣೆ ಒರೆಸಿಕೊಳ್ಳುತ್ತ ನಾನೂ ಇದೇ ಮಾತು ಆಡಿದೆ. ಆಡಿದ್ದು ನಮ್ಮ ಓಣಿಯ ನಿವೃತ್ತ ರಸಾಯನಶಾಸ್ತ್ರದ ಮಾಸ್ತರರ ಕಟ್ಟೆಯ ಮುಂದೆ.

"ಆಗೂದಿಲ್ರಿ. ಲೆಕ್ಕಾ ಮಾಡಿ ತೋರಸ್ಲೇನು? ಬರ್ರಿ, ಕೂಡ್ರಿ."

ಕೂತೆ. ಪಲ್ಲೆಯೂ ಪಕ್ಕದಲ್ಲಿ ಕೂತಿತು. ಲೆಕ್ಕ ಅಂದರೆ ನನಗೆ ಚಿಕ್ಕಂದಿನಿಂದಲೂ ಜ್ವರ. ಆದರೆ ಹಿರಿಯರ ಕಟ್ಟೆಯಿಂದ ನಡುವೆ ಏಳುವ ಧೈರ್ಯ ನಮ್ಮ ಓಣಿಯಲ್ಲಿ ಯಾರಿಗೂ ಇಲ್ಲ.

ಮಾಸ್ತರರು ಹೇಳಿದ್ದು ಇಷ್ಟು. ಸುಣ್ಣದಕಲ್ಲೆಂದರೆ ಕ್ಯಾಲ್ಸಿಯಂ ಕಾರ್ಬನೇಟು. ಅದರಿಂದ ಇಂಗಾಲದ ಡೈಆಕ್ಸೈಡನ್ನು ಬಿಡಿಸಿದರೆ ಉಳಿಯುವುದು ಸುಟ್ಟ ಸುಣ್ಣ. ನೂರು ಗ್ರಾಂ ಕಲ್ಲಿಗೆ ಈ ಬಿಡುಗಡೆಯ ಖರ್ಚು ಸುಮಾರು 178 ಕಿಲೋಜೂಲ್. ಪ್ರತಿಫಲವಾಗಿ, ಕಲ್ಲಿನೊಳಗೆ ಬಂಧಿಯಾಗಿದ್ದ ಅನಿಲ ಬಯಲಿನಲ್ಲಿ ಅಲೆಯುತ್ತದೆ. ಆ ಅಲೆದಾಟದ ಅಳತೆಯೇ ಎಂಟ್ರೊಪಿ. ಅದನ್ನು ಉಷ್ಣತೆಯಿಂದ ಗುಣಿಸಿ ಖರ್ಚಿನಲ್ಲಿ ಕಳೆಯಬೇಕು. ಉಳಿದದ್ದು ಗಿಬ್ಸ್ ಮುಕ್ತಶಕ್ತಿಯ ಬದಲಾವಣೆ. ಅದು ಧನವಾಗಿದ್ದರೆ ಕಲ್ಲು ಕಲ್ಲಾಗಿಯೇ ಇರುತ್ತದೆ, ಋಣವಾದರೆ ತಾನಾಗಿಯೇ ಸುಣ್ಣದ ದಾರಿ ಹಿಡಿಯುತ್ತದೆ. ಒತ್ತಡ ಮಾತ್ರ ಬದಲಾಗಬಾರದು, ಅದೊಂದು ಕರಾರು. ನಮ್ಮ ಸುಣ್ಣದ ಭಟ್ಟಿಗಳ ಬಾಯಿ ಆಕಾಶಕ್ಕೆ ತೆರೆದಿರುವುದರಿಂದ ಆ ಕರಾರು ಪುಕ್ಕಟೆಯಾಗಿ ನಡೆದುಹೋಗುತ್ತದೆ.

ನನ್ನ ಮುಖ ನೋಡಿ ಅವರಿಗೆ ಕನಿಕರ ಬಂದಿರಬೇಕು. "ಬನಶಂಕರಿ ಜಾತ್ರಿಗೆ ಹೋಗಿಲ್ಲೇನ್ರಿ? ಬಸ್ಸಿನ ಖರ್ಚು ಆಷಾಢಕ್ಕೂ ಅಷ್ಟ, ಬನದ ಹುಣ್ಣಿವಿಗೂ ಅಷ್ಟ. ಅಲ್ಲಿ ಅಡ್ಡಾಡೂ ಸುಖದ ಬೆಲಿ ಮಾತ್ರ ಹುಣ್ಣಿವಿ ಹತ್ರ ಬಂದಂಗ ಏರತದ. ಖರ್ಚಿಗಿಂತ ಸುಖ ಹೆಚ್ಚಾತು ಅಂದ್ರ ಮನಿ ಮಂದಿ ಎಲ್ಲಾ ಬಾದಾಮಿ ಬಸ್ಸಿನ್ಯಾಗ!" ಇದು ನನ್ನಂಥವನ ತಲೆಗೂ ಇಳಿಯಿತು. ಬೆಂಕಿ ಕಲ್ಲನ್ನು ದಬಾಯಿಸುವುದಿಲ್ಲ. ಬಿಡುಗಡೆಯ ಬೆಲೆ ಏರಿಸುತ್ತದೆ, ಅಷ್ಟೇ.

ಈ ಲೆಕ್ಕ ಹುಡುಕಿದ ಜೋಸಾಯ ವಿಲ್ಲಾರ್ಡ್ ಗಿಬ್ಸ್ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1871ರಿಂದ 1880ರವರೆಗೆ ಸಂಬಳವಿಲ್ಲದೆ ಪ್ರಾಧ್ಯಾಪಕನಾಗಿದ್ದ. ಮದುವೆಯಿಲ್ಲ, ಅಕ್ಕತಂಗಿಯರ ಮನೆಯಲ್ಲೇ ವಾಸ. (ಇದನ್ನು ನಮ್ಮ ಮನೆಯಲ್ಲಿ ಹೇಳಿದಾಗ "ಹಂಗಂದ್ರ ಪಲ್ಲೆ ತರೂದೂ ಇರಲಿಲ್ಲ" ಎಂಬ ವಿಮರ್ಶೆ ಬಂತು.) ಅವನ ಮಹಾಪ್ರಬಂಧದ ಮೊದಲ ಭಾಗ ಅಚ್ಚಾದದ್ದು 1876ರಲ್ಲಿ. ಅದೇ ವರ್ಷ ರಾಬರ್ಟ್ ಬ್ರೂಸ್ ಫೂಟ್ ನಮ್ಮ ಸೀಮೆಯ ಭೂವಿಜ್ಞಾನದ ಗ್ರಂಥ ಪ್ರಕಟಿಸಿ, ಇಲ್ಲಿನ ಶಿಲಾಸ್ತರಗಳಿಗೆ ಕಲಾದಗಿಯ ಹೆಸರಿಟ್ಟ. ಒಬ್ಬ ಕಲ್ಲು ತೋರಿಸಿದ, ಇನ್ನೊಬ್ಬ ಅದು ಎಷ್ಟು ಕಾಯಿಸಿದರೆ ಒಡೆಯುತ್ತದೆಂಬ ಸೂತ್ರ ಕೊಟ್ಟ. ಒಬ್ಬರಿಗೊಬ್ಬರ ಪರಿಚಯವಿತ್ತೆಂದು ಮಾತ್ರ ಭಾವಿಸಬೇಡಿ. ಗಿಬ್ಸನನ್ನು 1899ರಲ್ಲಿ ಫ್ರೆಂಚಿಗೆ ತಂದ ಲ ಶಾಟೆಲಿಯೆ ಸಿಮೆಂಟಿನ ಸಂಶೋಧಕ. ಸಿಮೆಂಟ್ ಕಾರ್ಖಾನೆಯ ಊರಿನವರಾದ ನಮಗೆ ಅವನೊಬ್ಬ ದೂರದ ಬೀಗ.

ಇನ್ನು ನಮ್ಮ ಬಿಸಿಲಿನ ಮರ್ಯಾದೆ ಕಳೆದ ಅಂಕಿಗೆ ಬರುತ್ತೇನೆ. 25 ಡಿಗ್ರಿಯಲ್ಲಿ ಆ ಮುಕ್ತಶಕ್ತಿಯ ಲೆಕ್ಕ ಸುಮಾರು 130 ಕಿಲೋಜೂಲ್, ಧನ. ನಾವು ಬೆವರಿ ನೀರಾಗುವ 42 ಡಿಗ್ರಿಯಲ್ಲಿ? ಹತ್ತಿರಹತ್ತಿರ 128. ಇಷ್ಟೇ! ಅದು ಸೊನ್ನೆಗಿಳಿಯಲು ಸುಮಾರು 840 ಡಿಗ್ರಿ ಬೇಕು; ಕೆಲಸ ಬೇಗ ಮುಗಿಯಲೆಂದು ಭಟ್ಟಿಯವರು 900 ದಾಟಿಸುತ್ತಾರೆ. ಆ 840ರಿಂದ ಕೆಳಗೆ ದಾರಿ ತಿರುಗುಮುರುಗು. ಗೋಡೆಗೆ ಬಳಿದ ಸುಣ್ಣ ಗಾಳಿಯಲ್ಲಿನ ಅದೇ ಅನಿಲವನ್ನು ಹೀರಿ, ಸದ್ದಿಲ್ಲದೆ ಮತ್ತೆ ಕಲ್ಲಾಗುತ್ತದೆ. ಎಷ್ಟು ದಿನದಲ್ಲಿ ಎಂದು ಗಿಬ್ಸನನ್ನು ಕೇಳಬಾರದು. ದಿಕ್ಕು ಹೇಳುವುದಷ್ಟೇ ಅವನ ಕೆಲಸ, ವೇಗ ಅವನ ಖಾತೆಯಲ್ಲ.

ಅಷ್ಟರಲ್ಲಿ ಪಲ್ಲೆ ಬಾಡಿ ದಾರದಂತಾಗಿತ್ತು. ಅದಕ್ಕೆ ನಮ್ಮ 42 ಡಿಗ್ರಿ ಧಾರಾಳವಾಗಿ ಸಾಕು.

ಹುನಗುಂದ ದಾಟಿ ಇಳಕಲ್ಲಿಗೆ ಹೋದರೆ ಅಲ್ಲಿನ ಕೆಂಪು ಗ್ರಾನೈಟಿಗೂ, ಇತ್ತ ಬಾದಾಮಿಯ ಮರಳುಗಲ್ಲಿಗೂ ಈ ಲೆಕ್ಕ ಹತ್ತುವುದಿಲ್ಲ. ಮರಳುಗಲ್ಲಿನ ಸಿಲಿಕಾಕ್ಕೆ ಬಿಟ್ಟುಕೊಡಲು ಅನಿಲವೇ ಇಲ್ಲ. 1,700 ಡಿಗ್ರಿಯ ಸುಮಾರಿಗೆ ಕರಗೀತು, ಸುಣ್ಣವಂತೂ ಆಗದು. ಆದ್ದರಿಂದ ಸುಣ್ಣ ಬೇಕಾದವರು ಕಲಾದಗಿ, ಲೋಕಾಪುರದ ಕಡೆ ಹೋಗ್ರಿ. ಬಾದಾಮಿಗೆ ಗುಹೆ ನೋಡಾಕ ಬರ್ರಿ, ಅದೂ ಮೇ ತಿಂಗಳು ಬಿಟ್ಟು.