ಬದನೆಕಾಯಿಗೆ 104 ಜ್ವರ

ನಮ್ಮ ಮನೆಯವರು ಇನ್ನೂ ನನ್ನ ಜೊತೆ ನೆಟ್ಟಗೆ ಮಾತಾಡುತ್ತಿಲ್ಲ. ನಾನು ನಕ್ಕಿದ್ದಕ್ಕೆ ಸಿಟ್ಟಲ್ಲವಂತೆ, ನಗು ನಿಲ್ಲಿಸದೇ ಇದ್ದದ್ದಕ್ಕಂತೆ. ಕಮಲಾಪುರದ ಹೊಲದಲ್ಲಿ ಹತ್ತಿದ ನಗು ಹೈದರಾಬಾದಿನ ವಿಮಾನ ನಿಲ್ದಾಣದ ತನಕ ಬಂತು. ಡಲ್ಲಾಸಿಗೆ ಮರಳಿದ ಮೇಲೂ ಫ್ರಿಜ್ಜಿನಲ್ಲಿ ಬದನೆಕಾಯಿ ಕಂಡರೆ ಸಾಕು, ಬಾಗಿಲು ಹಿಡಿದುಕೊಂಡು ನಿಲ್ಲಬೇಕಾಗುತ್ತದೆ.

ಎಲ್ಲದಕ್ಕೂ ಮೂಲ ಕ್ಯಾಲೆಂಡರು. 2024ರ ಎಳ್ಳಮಾಸಿ ಡಿಸೆಂಬರ್ 30ರ ಸೋಮವಾರ ಬಿತ್ತು. ಅದರ ಮುಂಚೆ ಶನಿವಾರ, ಭಾನುವಾರ. ಆಚೆ ಕ್ರಿಸ್‌ಮಸ್, ಈಚೆ ಹೊಸ ವರ್ಷ. "ಲಾಂಗ್ ವೀಕೆಂಡ್ ಅದ, ಹೊಲದಾಗ ಗ್ರಿಲ್ ಹಚ್ಚೋಣು" ಅಂದರು ಇವರು. ಟೆಕ್ಸಾಸಿಗೆ ಹೋದ ಕಲಬುರಗಿ ಗಂಡಸಿಗೆ ಗ್ರೀನ್ ಕಾರ್ಡಿಗಿಂತ ಮೊದಲು ಗ್ರಿಲ್ಲು ಬರುತ್ತದೆ. ವರ್ಷವಿಡೀ ಒಂದು ಲೋಟ ನೀರು ಬಗ್ಗಿಸಿಕೊಳ್ಳದವನು ಜುಲೈ 4 ಬಂತೆಂದರೆ ಏಪ್ರನ್ ಕಟ್ಟಿ, ಚಿಮಟ ಹಿಡಿದು, ಬಂದವರಿಗೆಲ್ಲ ಇದ್ದಿಲಿನ ಜಾತಿ ಗೋತ್ರ ಹೇಳುತ್ತ ಹಿತ್ತಲಲ್ಲಿ ನಿಲ್ಲುತ್ತಾನೆ. ಕಲಬುರಗಿಯ ಅರ್ಧ ಊರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಕೂತು ಉಣ್ಣುವ ಹಬ್ಬಕ್ಕೆ, ಬಯಲಲ್ಲಿ ಉಣ್ಣುವುದು ಹೇಗೆಂದು ಕಲಿಸಲು ಈ ಮನುಷ್ಯ ಡಲ್ಲಾಸಿನಿಂದ ಹೊರಟರು.

ಸೂಟ್‌ಕೇಸಿಗೆ 23 ಕಿಲೋ ಮಿತಿ. ಅತ್ತೆಯ ಬಾದಾಮಿ, ಮಾವನ ಮೊಣಕಾಲಿನ ಗುಳಿಗೆ ಎಲ್ಲವನ್ನೂ ಅತ್ತಿತ್ತ ತಳ್ಳಿ ಒಂದು ಮಡಚುವ ಗ್ರಿಲ್ಲು ಹತ್ತಿ ಕೂತಿತು. ಅದರ ಪಕ್ಕದಲ್ಲಿ ಮಾಂಸಕ್ಕೆ ಚುಚ್ಚಿ ಒಳಗಿನ ಕಾವು ನೋಡುವ ಥರ್ಮಾಮೀಟರು. ಮೊಟ್ಟೆಯ ವಾಸನೆಯೂ ಆಗದ ಮನೆಗೆ.

ಕಲಬುರಗಿಯ ಮನೆಯಲ್ಲಿ ಅತ್ತೆ ಆಗಲೇ ಯುದ್ಧಕ್ಕೆ ಇಳಿದಿದ್ದರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಗೋಡೆ ಎತ್ತರ ಏರಿತ್ತು. ಶೇಂಗಾ ಹೋಳಿಗಿ, ಕಡುಬು ಡಬ್ಬಿ ಸೇರಿದ್ದವು. ಭಜ್ಜಿಗೆಂದು ಹಸಿ ತೊಗರಿ, ಹಸಿ ಕಡಲೆ, ಅವರೆ ಸುಲಿಯುವ ಕೆಲಸ ಮಾವನದು. ನನ್ನ ಮಗಳು ಒಂದು ರೊಟ್ಟಿ ಮುರಿದು, "ಆಯಿ, ಇದರಲ್ಲಿ ಗ್ಲುಟನ್ ಇಲ್ಲ, ಗೊತ್ತಾ?" ಎಂದು ಕೊಂಡಾಡಿದಳು. ಅತ್ತೆಯ ಮುಖ ಬಾಡಿತು. "ಎಲ್ಲಾ ಹಾಕೀನವ್ವಾ. ಅದೊಂದು ಈಗಾದ್ರೂ ತರಸ್ಲೇನು?"

ಭಾನುವಾರ ರಾತ್ರಿ ಕುಡಿಯುವುದರ ಜಗಳ. ಅತ್ತೆಯ ಪಟ್ಟಿಯಲ್ಲಿ ಇದ್ದದ್ದು ಒಂದೇ, ಅಂಬಲಿ: ಜೋಳದ ಹಿಟ್ಟು ಹುಳಿ ಬರಿಸಿ ಕಾಯಿಸಿ, ಮಜ್ಜಿಗೆ ಬೆರೆಸಿ, ಬೆಳ್ಳುಳ್ಳಿ ಜೀರಿಗೆ ಜಜ್ಜಿ ಹಾಕಿದ್ದು, ಮಣ್ಣಿನ ಗಡಿಗೆಯಲ್ಲಿ. ಇವರು ಮೆಲ್ಲಗೆ ಒಂದು ಚೀಲದಿಂದ ಬೀರಿನ ಡಬ್ಬಿಗಳನ್ನು ತೆಗೆದು ಸಾಲಾಗಿ ಇಟ್ಟರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು.

"ಯವ್ವಾ, ಇದರಾಗ ನಶಾ ಇರಂಗಿಲ್ಲ. ನೋಡು, ಸೊನ್ನಿ ಬರದಾರ."

ಮಾವ ಕನ್ನಡಕ ಏರಿಸಿ ಡಬ್ಬಿಯನ್ನು ಬೆಳಕಿಗೆ ಹಿಡಿದು ಓದಿದರು. 0.0. ತಿರುಗಿಸಿ ಮತ್ತೆ ಓದಿದರು. "ಖರೇ ಸೊನ್ನಿನೇ ಅದ" ಎಂದರು, ಎಷ್ಟು ದುಃಖದಿಂದ ಎಂದರೆ ನಾನು ಅಡುಗೆಮನೆಗೆ ಓಡಿದೆ. "ಹಂಗಿದ್ರ ಕುಡದು ಏನ್ ಫಾಯ್ದಾ ತಮ್ಮಾ?"

ಇಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಇಂಜಿನಿಯರ್ ನೋಡಿ, ಬಿಡಲಿಲ್ಲ. ಹುಳಿ ಬಂದ ಅಂಬಲಿಯಲ್ಲೇ ತನ್ನ ಡಬ್ಬಿಗಿಂತ ಹೆಚ್ಚು ನಶೆ ಇರಬಹುದು ಎಂದು ಬಾಯಿ ಬಿಟ್ಟರು. ಅತ್ತೆ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟುತ್ತಾ ನಿಂತೇಬಿಟ್ಟರು. "ಅಂದ್ರ ನಾ ಇಷ್ಟ ವರ್ಷ ನಿಮಗೆಲ್ಲಾ ಶೆರೆ ಕುಡಿಸೀನೇನು?" ಆ ರಾತ್ರಿ ಯಾರಿಗೂ ಮಜ್ಜಿಗೆ ಸಿಗಲಿಲ್ಲ. ಮಾವ ಮಾತ್ರ ಗಡಿಗೆಯ ಕಡೆ ಹೊಸ ಗೌರವದಿಂದ ನೋಡತೊಡಗಿದ್ದರು.

ಸೋಮವಾರ ಬೆಳಿಗ್ಗೆ ಹುಮನಾಬಾದ್ ರಸ್ತೆ ತುಂಬ ಟಂಟಂ, ಟ್ರ್ಯಾಕ್ಟರ್, ಬೈಕಿನ ಮೇಲೆ ಬುತ್ತಿಗಂಟು. ಕಮಲಾಪುರ ದಾಟಿ ಹೊಲ ಮುಟ್ಟಿದೆವು. ಜೋಳದ ದಂಟಿನ ಗುಡಿಸಲೊಳಗೆ ಐದು ಕಲ್ಲಿನ ಪಾಂಡವರು ಕೂತರು. ಪೂಜೆಯಾಯಿತು. ಮಾವ ಹೊಲದ ಸುತ್ತ ಚರಗ ಚೆಲ್ಲಿ ಬಂದರು. ಸೊನ್ನೆಯ ಡಬ್ಬಿಗಳನ್ನು ಪಾಂಡವರ ಕಣ್ಣಿಗೆ ಬೀಳದಂತೆ ಕಾರಿನಲ್ಲೇ ಬಿಡಬೇಕೆಂದು ಅತ್ತೆಯ ಅಪ್ಪಣೆಯಾಗಿತ್ತು.

ಇವರು ಬದುವಿನ ಮೇಲೆ ಗ್ರಿಲ್ಲು ಬಿಚ್ಚಿ ಏಪ್ರನ್ ಕಟ್ಟಿದರು. ಗಾಳಿ ಬೀಸುತ್ತಿತ್ತು, ಇದ್ದಿಲು ಹೊಗೆಯಾಡಿತೇ ಹೊರತು ಹತ್ತಲಿಲ್ಲ. ಅಷ್ಟರಲ್ಲಿ ಹೊಲದ ಆಳು ಹಸಿ ಕಡಲೆ ಗಿಡ ಕಿತ್ತು, ಕಸ ಕಡ್ಡಿಯ ಉರಿಗೆ ಒಗೆದು, ಕೋಲಿನಿಂದ ಕೆದಕಿ, ಸುಟ್ಟ ಕಾಯಿ ಹುಡುಗರ ಕೈಗೆ ಸುರಿದ. ನನ್ನ ಮಗಳ ತುಟಿ, ಮೂಗು, ಬಿಳೀ ಶೂಸು ಎಲ್ಲ ಕಪ್ಪು. ಇವರು ಇನ್ನೂ ಇದ್ದಿಲು ಹೊತ್ತಿಸುವ ಸ್ಟಾರ್ಟರ್ ಡಬ್ಬಿಯ ಸೂಚನೆ ಓದುತ್ತಿದ್ದರು. ಕಲಬುರಗಿಯ ಮುಸ್ಲಿಂ ಚೌಕದಲ್ಲಿ ಕಬಾಬಿನವರು ಬೀಸಣಿಗೆ ಆಡಿಸುವುದನ್ನು ನೋಡುತ್ತ ಬೆಳೆದ ಮನುಷ್ಯ ಇದು!

ಅತ್ತೆ ಒಂದು ಮಾತೂ ಆಡಲಿಲ್ಲ. ಮೂರು ಕಲ್ಲಿನ ಒಲೆಯ ಮೇಲಿದ್ದ ಭಜ್ಜಿಯ ಪಾತ್ರೆ ಇಳಿಸಿ, ಸೌಟಿನಲ್ಲಿ ಕೆಂಡ ತುಂಬಿಕೊಂಡು, ರೊಟ್ಟಿ ಬಡಿದು ಬಡಿದು ಬಾತ ಭುಜವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಬಂದು ಗ್ರಿಲ್ಲಿಗೆ ಸುರಿದರು. ಸೆರಗಿನಿಂದ ನಾಲ್ಕು ಸಲ ಬೀಸಿದರು. ಕೆಂಪಾಯಿತು. ಹೋಗುವಾಗ ಮಗನ ಏಪ್ರನ್ನಿನ ಗಂಟು ಬಿಗಿ ಮಾಡಿ ಹೋದರು.

ಆಮೇಲೆ ಆದದ್ದು ಬದನೆಕಾಯಿಯ ಪ್ರಸಂಗ.

ದಪ್ಪ ಬದನೆಕಾಯಿ ಜಾಲರಿ ಮೇಲೆ ಕೂತಿತು. ಇವರು ಗಂಭೀರವಾಗಿ ಥರ್ಮಾಮೀಟರಿನ ಸೂಜಿಯನ್ನು ಅದರ ಹೊಟ್ಟೆಗೆ ಚುಚ್ಚಿದರು. ಮಾವ ನೆಟ್ಟಗೆ ಕೂತರು. ಹೇಳಲು ಮರೆತೆ: ಮಾವ ನಿವೃತ್ತಿಯಾಗುವ ತನಕ ಸರಕಾರಿ ದವಾಖಾನೆಯಲ್ಲಿ ಕಂಪೌಂಡರ್. ಸೂಜಿ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ಅದರ ಮೇಲೆ ಅಮೆರಿಕದ ಯಂತ್ರ, ಫ್ಯಾರನ್‌ಹೀಟ್ ಲೆಕ್ಕ. ನಮ್ಮೂರಿನ ಜ್ವರದ ಲೆಕ್ಕವೂ ಅದೇ.

"98" ಎಂದು ಓದಿದರು ಮಾವ. "ನಾರ್ಮಲ್."

"101. ಜರಾ ಕಣಕಣ ಅದ."

"104!" ಎದ್ದು ನಿಂತರು. "ಬದನಿಕಾಯಿಗೆ ಜ್ವರ ಏರ್ಯಾವ! ತಣ್ಣೀರ್ ಪಟ್ಟಿ ತರ್ರಿ!"

ಮೊದಲು ನಕ್ಕದ್ದು ಅತ್ತೆ. ಹಿಂದಿನ ರಾತ್ರಿಯಿಂದ ಮುಖ ಊದಿಸಿಕೊಂಡಿದ್ದವರು ಎಷ್ಟು ನಕ್ಕರೆಂದರೆ ಕಣ್ಣೀರು ಒರೆಸಿಕೊಳ್ಳುತ್ತಲೇ ಸೆರಗಿನ ತುದಿ ಅದ್ದಿ ತಂದು ಬದನೆಕಾಯಿಯ ತೊಟ್ಟಿನ ಮೇಲೆ ಹಾಕಿಯೇಬಿಟ್ಟರು. ಛುಂಯ್ ಎಂದಿತು. "ಯವ್ವಾ, ರೀಡಿಂಗ್ ಕೆಡ್ತದ!" ಎಂದು ಇವರು ಕಿರುಚಿದರು. ಆ ಕಿರುಚಾಟ ಪಕ್ಕದ ಹೊಲಕ್ಕೆ ಮುಟ್ಟಿತು.

ಐದು ನಿಮಿಷದಲ್ಲಿ ಪಕ್ಕದ ಹೊಲದ ಕಾಕಾ, ಕಾಕಿ, ಅವರ ಬೀಗರು ಸಾಲಾಗಿ ಬಂದರು. ರೋಗಿಯನ್ನು ನೋಡಲು ಬರಿಗೈಲಿ ಬರಬಾರದಲ್ಲ? ಕಾಕಾನ ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು. ಗ್ರಿಲ್ಲಿನ ಸುತ್ತ ಕುಕ್ಕರುಗಾಲಲ್ಲಿ ಕೂತು, "ಈಗ ಹೆಂಗದ?" ಎಂದು ದನಿ ತಗ್ಗಿಸಿ ಕೇಳಿದರು.

"ರಾತ್ರಿ ಛಲೋ ಇತ್ತು" ಎಂದರು ಮಾವ, ದವಾಖಾನೆಯ ದನಿಯಲ್ಲಿ. "ಮುಂಜಾನಿಂದ ಹಿಂಗ."

"ಏನರ ತಿಂದಿತ್ತೇನು?"

"ಎಣ್ಣಿ ಹಚ್ಯಾರ, ಅಷ್ಟ."

ಕಾಕಿ ತಲೆ ಅಲ್ಲಾಡಿಸಿ, ಎಳೇ ವಯಸ್ಸು, ಹಿಂಗಾಗಬಾರದಿತ್ತು ಎಂದರು. ಬಾಳೆಹಣ್ಣು ಪಕ್ಕಕ್ಕಿಟ್ಟಾಗ ಅತ್ತೆ ತಡೆದರು: "ಬ್ಯಾಡ್ರಿ, ಜ್ವರದಾಗ ಬಾಳಿಹಣ್ಣು ಕೊಟ್ರ ಥಂಡಿ ಆಗ್ತದ." 140ಕ್ಕೆ ಕಾಕಾ ಟೊಪ್ಪಿಗೆ ತೆಗೆದರು. 170ಕ್ಕೆ ಬೀಗರು ಹತ್ತಿರದವರಿಗೆಲ್ಲ ಹೇಳಿ ಕಳಿಸಿದ್ದೀರಾ ಎಂದು ವಿಚಾರಿಸಿದರು. ನನ್ನ ಮಗಳು, ಅವಳ ಕನ್ನಡ ಹಾಲು ಮಾರುವವಳ ಇಂಗ್ಲಿಷಿಗಿಂತ ತುಸು ಮೇಲು, "ಮುತ್ಯಾ, ಇನ್ಶೂರನ್ಸ್ ಇದೆಯಾ?" ಎಂದು ಕೇಳಿದ್ದಕ್ಕೆ ಮಾವ ಅವಳನ್ನು ಎತ್ತಿಕೊಳ್ಳಲು ಹೋಗಿ ಮೊಣಕಾಲು ಹಿಡಿದುಕೊಂಡರು. ಅಮೆರಿಕದಲ್ಲಿ ಹುಟ್ಟಿದ ಕೂಸು ಮೊದಲ ಸಲ ಊರಿನ ಹಾಸ್ಯಕ್ಕೆ ಸರಿಯಾಗಿ ಕೈ ಹಾಕಿತ್ತು.

ಇವರೊಬ್ಬರೇ ನಗಲಿಲ್ಲ. "ಒಳಗ ಪೂರ್ತಿ ಬೇಯಬೇಕಂದ್ರ 200 ದಾಟಬೇಕು, ಇದು ಸೈನ್ಸು" ಎನ್ನುತ್ತ ಏಪ್ರನ್ನಿನಲ್ಲಿ ಬೆವರು ಒರೆಸಿಕೊಂಡರು. ಅತ್ತೆ ಹೆಬ್ಬೆರಳಿನಿಂದ ಒಮ್ಮೆ ಬದನೆಕಾಯಿ ಒತ್ತಿ, "ಬೆಂದಾದ, ತಗಿ" ಎಂದರು. ಯಂತ್ರ ನೋಡಿದರೆ 203.

"ಶಿವನ ಪಾದ ಸೇರ್ತು" ಎಂದು ಮಾವ ಘೋಷಿಸಿದರು.

ಕರಿಕಾದ ಸಿಪ್ಪೆ ಸುಲಿದು, ಹಸಿಮೆಣಸು, ಬೆಳ್ಳುಳ್ಳಿ, ಶೇಂಗಾ ಪುಡಿ ಹಾಕಿ ಹಿಸುಕಿ ಸಜ್ಜಿ ರೊಟ್ಟಿಯ ಮೇಲೆ ಇಟ್ಟದ್ದೇ ತಡ, ಮಣ್ಣಿಗೆ ಬಂದವರೆಲ್ಲ ಬಾಯಿ ಚಪ್ಪರಿಸಿಕೊಂಡು ತಿಂದರು. ರುಚಿ ನಿಜವಾಗಿಯೂ ಅದ್ಭುತವಾಗಿತ್ತು, ಇದನ್ನು ಇವರಿಗೆ ಇನ್ನೂ ಹೇಳಿಲ್ಲ. ಇವರು ಆಮೇಲೆ ಸುಟ್ಟ ಪನೀರ್ ಕಡ್ಡಿಗಳನ್ನು ಯಾರೂ ಕೇಳಲಿಲ್ಲ. ಬೆಲೆಯುಳ್ಳ, ಜಿಐ ಟ್ಯಾಗಿನ ಕೆಂಪು ಬಾಳೆಹಣ್ಣನ್ನು ಇವರು ಸಿಪ್ಪೆ ಸಮೇತ ಸುಡಲು ಹೊರಟಾಗ ಮಾತ್ರ ಕಾಕಾ ಕೈ ಹಿಡಿದರು: "ತಮ್ಮಾ, ಇದಕ್ಕೇನೂ ಆಗಿಲ್ಲ, ಆರಾಮದ. ಬಿಡು." ಅಂಬಲಿ ಗಡಿಗೆ ಖಾಲಿಯಾಯಿತು, ಮಾವ ಮೂರನೆಯ ಲೋಟಕ್ಕೆ ಬೇಕೆಂದೇ ತೂರಾಡಿ ಅತ್ತೆಯಿಂದ ಬೈಸಿಕೊಂಡರು.

ಗ್ರಿಲ್ಲಿನ ಜಾಲರಿ ಈಗ ಕಲಬುರಗಿಯಲ್ಲಿ ಬೆಕ್ಕಿಗೆ ಅಡ್ಡವಾಗಿ ಹಾಲಿನ ಪಾತ್ರೆಯ ಮೇಲಿದೆ. ಥರ್ಮಾಮೀಟರು ಮಾವನ ಅಂಗಿ ಜೇಬಿನಲ್ಲಿ; ಚಹಾದಿಂದ ಹಿಡಿದು ಸ್ನಾನದ ನೀರಿನ ತನಕ ಎಲ್ಲದರ ಜ್ವರ ನಮಗೆ ವಾಟ್ಸಾಪಿನಲ್ಲಿ ಬರುತ್ತದೆ. ನಿನ್ನೆ ವಿಡಿಯೋ ಕಾಲಿನಲ್ಲಿ ಇನ್ನೊಂದು ಕಳಿಸು ಎಂದರು. ಇದ್ದದ್ದನ್ನು ಕಾಕಾ ತನ್ನ ಎಮ್ಮೆಗೆ ಮೈ ಸರಿಯಿಲ್ಲ ಎಂದು ಒಯ್ದಿದ್ದಾರಂತೆ. ನಾಳೆ ತೊಳೆದು ಕೊಡುತ್ತಾರಂತೆ.

ಇವರು ಬಹಳ ಹೊತ್ತು ಸುಮ್ಮನಿದ್ದು, "ಅಪ್ಪಾ, ಎಮ್ಮಿಗಿ ಎಲ್ಲಿಟ್ಟು ನೋಡಿದ್ರು?" ಎಂದು ಕೇಳಿದರು.

ನಾನು ಫೋನು ಮಗಳ ಕೈಗೆ ಕೊಟ್ಟು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ.