ಏಕಾಂತಪ್ರಿಯರ ಜಾತ್ರೆ

ಲೋಕದ ಸಹವಾಸವೇ ಬೇಡವೆಂದು ಮನೆ ಮಾರಿ, ಕಾರು ಮಾರಿ, ಮಕ್ಕಳಿಗೆ ಹೇಳಿಯೂ ಹೇಳದಂತೆ ಹಾಯಿದೋಣಿ ಹತ್ತಿದವರು ಕೊನೆಗೆ ಎಲ್ಲಿ ಹೋಗಿ ಸೇರುತ್ತಾರೆ ಎಂದು ತಿಳಿಯಬೇಕಾದರೆ ಜೂನ್ ತಿಂಗಳಲ್ಲಿ ಫಿಜಿಯ ಸವುಸವು ಊರಿಗೆ ಬರಬೇಕು. ಅಷ್ಟೂ ಜನ ಅಲ್ಲೇ ಇರುತ್ತಾರೆ. ಒಂದು ದೋಣಿಯಲ್ಲಿ ಮೆಣಸಿನಕಾಯಿ ಹುರಿದರೆ ಪಕ್ಕದ ದೋಣಿಯವರು ಸೀನುವಷ್ಟು ಹತ್ತಿರದಲ್ಲಿ.

ಪನಾಮಾ ಕಾಲುವೆ ದಾಟಿ, ಮಾರ್ಕೇಸಸ್, ತಾಹಿತಿ, ಟೋಂಗಾ ಎಂದು ಪೆಸಿಫಿಕ್ ಸಾಗರದ ಮುಕ್ಕಾಲು ಭಾಗ ಸವೆಸಿ ಬಂದವರು ಕೆಲವರು. ಇನ್ನು ಕೆಲವರು ನಮ್ಮ ಹಾಗೆ ನ್ಯೂಜಿಲೆಂಡಿನಿಂದ ಸಾವಿರ ಚಿಲ್ಲರೆ ನಾಟಿಕಲ್ ಮೈಲಿ ಉತ್ತರಕ್ಕೆ ಬಂದವರು. ‘ನಮ್ಮ ಹಾಗೆ’ ಎಂದದ್ದು ಸ್ವಲ್ಪ ಹೆಚ್ಚಾಯಿತು, ದೋಣಿ ನನ್ನದಲ್ಲ. ಆಕ್ಲೆಂಡಿನಲ್ಲಿ ನನ್ನ ಜೊತೆ ಕೆಲಸ ಮಾಡಿ ನಿವೃತ್ತರಾದವರೊಬ್ಬರದು. ಅವರನ್ನು ಇಲ್ಲಿ ಕ್ಯಾಪ್ಟನ್ ಎನ್ನುತ್ತೇನೆ, ಅವರಿಗೂ ಅದೇ ಇಷ್ಟ. ಗಂಡಹೆಂಡತಿ ಇಬ್ಬರೇ ರಾತ್ರಿ ಪಾಳಿ ಮಾಡಿದರೆ ನಿದ್ದೆ ಸಾಲುವುದಿಲ್ಲವೆಂದು ನನ್ನನ್ನೂ ಹತ್ತಿಸಿಕೊಂಡಿದ್ದರು.

ಸಮುದ್ರಕ್ಕೆ ಗಡಿಯಿಲ್ಲ, ಗಾಳಿಗೆ ಪಾಸ್‌ಪೋರ್ಟ್ ಇಲ್ಲ ಎಂದು ದಾರಿಯುದ್ದಕ್ಕೂ ಹೇಳುತ್ತಾ ಬಂದ ಕ್ಯಾಪ್ಟನ್ ಸವುಸವು ತಲುಪುತ್ತಲೇ ಹಳದಿ ಬಾವುಟ ಏರಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುಳಿತರು. ಆರೋಗ್ಯ, ಕಸ್ಟಮ್ಸ್, ವಲಸೆ, ಜೈವಿಕ ಸುರಕ್ಷತೆ, ನಾಲ್ಕೂ ಇಲಾಖೆಯವರು ಬಂದು ಹೋಗುವವರೆಗೆ ದೋಣಿ ಬಿಟ್ಟು ಇಳಿಯುವಂತಿಲ್ಲ. ಅರ್ಜಿಗಳಿಗೆ ಒತ್ತಲು ಕ್ಯಾಪ್ಟನ್ ಬಳಿ ದೋಣಿಯ ಹೆಸರು, ಚಿತ್ರ ಇರುವ ಸ್ವಂತ ರಬ್ಬರ್ ಮೊಹರೇ ಇತ್ತು. ಗುಮಾಸ್ತಿಕೆಯಿಂದ ಪಾರಾಗಲು ಸಮುದ್ರಕ್ಕೆ ಇಳಿದ ಮನುಷ್ಯ ಅದನ್ನು ಒತ್ತುವಾಗ ಮುಖದಲ್ಲಿ ಮೂಡಿದ ಕಳೆ ನೋಡಬೇಕಿತ್ತು.

ಬೆಳಗಾದರೆ ವಿಎಚ್‌ಎಫ್ ರೇಡಿಯೋದಲ್ಲಿ ಸಭೆ. ಮೊದಲು ಹವಾಮಾನ. ಆಮೇಲೆ ಯಾರು ಬಂದರು, ಯಾರು ಹೊರಟರು, ಯಾರ ಹತ್ತಿರ ಹೆಚ್ಚುವರಿ ಪಂಪು ಇದೆ, ಯಾರ ಡಿಂಗಿ ರಾತ್ರಿ ಹಗ್ಗ ಬಿಚ್ಚಿಕೊಂಡು ಹೋಯಿತು, ನಿನ್ನೆ ಹತ್ತು ಗಂಟೆ ಮೀರಿದ ಮೇಲೂ ಯಾರ ಜನರೇಟರ್ ಗುಂಯ್‌ಗುಡುತ್ತಿತ್ತು. ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘದ ವಾಟ್ಸ್ಆ್ಯಪ್ ಗುಂಪಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ, ರೇಡಿಯೋದಲ್ಲಿ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸಲು ಬರುವುದಿಲ್ಲ. ಕೊನೆಯಲ್ಲಿ ಪ್ರಕಟಣೆ: ಸಂಜೆ ಐದಕ್ಕೆ ದಡದಲ್ಲಿ ಪಾಟ್‌ಲಕ್, ತಿನ್ನುವುದು, ಕುಡಿಯುವುದು, ಕೂರುವುದು ಎಲ್ಲ ನೀವೇ ತನ್ನಿ.

ಆ ಪಾಟ್‌ಲಕ್‌ನಲ್ಲಿ ಹೆಸರು ಕೇಳುವ ಮೊದಲು ಕೇಳುವ ಪ್ರಶ್ನೆ, ‘ನಿಮ್ಮದು ಎಷ್ಟಡಿ?’ ಮೂವತ್ತೆರಡು ಎಂದವನ ಹೆಗಲ ಮೇಲೆ ಕೈಯಿಟ್ಟು ‘ಧೈರ್ಯ ಮೆಚ್ಚಬೇಕು’ ಎನ್ನುತ್ತಾರೆ. ಐವತ್ತೈದು ಎಂದವನಿಗೆ ಕುರ್ಚಿ ಸರಿಸಿಕೊಡುತ್ತಾರೆ. ಒಂದೊಡಲಿನ ದೋಣಿಯವರು ಎರಡೊಡಲಿನ ಕ್ಯಾಟಮರಾನಿನವರ ಜೊತೆ ಪಂಕ್ತಿಯಲ್ಲಿ ಉಣ್ಣಬಹುದು, ಸಂಬಂಧ ಬೆಳೆಸಲಿಕ್ಕಿಲ್ಲ. ಇನ್ನು ಲಂಗರಿನ ಒಳಪಂಗಡಗಳು ಬೇರೆ. ರೋಕ್ನಾದವರು, ಮಾಂಟಸ್‌ನವರು, ಹಳೆಯ ಸಿಕ್ಯೂಆರ್ ಬಿಡಲೊಲ್ಲದ ಕರ್ಮಠರು. ತಾನು ಮಲಗಿದಾಗ ದೋಣಿಯನ್ನು ಹಿಡಿದಿಡುವ ಕಬ್ಬಿಣದ ಕೊಕ್ಕೆಯ ಮೇಲೆ ಮನುಷ್ಯನಿಗೆ ಎಷ್ಟು ಭಕ್ತಿ ಇರಬಲ್ಲದು ಎಂಬುದು ನನಗೆ ಅಲ್ಲೇ ತಿಳಿದದ್ದು.

ಸೂರ್ಯ ಮುಳುಗುತ್ತಿದ್ದ. ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸುವಂಥ ಮುಳುಗು. ಅದಕ್ಕೆ ಬೆನ್ನು ಹಾಕಿ ಏಳೆಂಟು ದೇಶಗಳ ನಾವಿಕರು ಕಕ್ಕಸಿನ ಬಗ್ಗೆ ಮಾತಾಡುತ್ತಿದ್ದರು. ವಿಷಯ ಗಂಭೀರವೇ. ದೋಣಿಯ ಕಕ್ಕಸನ್ನು ತೊಳೆಯುವುದು ಸಮುದ್ರದ ನೀರಿನಿಂದ. ಉಪ್ಪುನೀರೂ ಮೂತ್ರವೂ ಸೇರಿ ಕೊಳವೆಯೊಳಗೆ ಸುಣ್ಣದಂಥ ಪದರ ಕಟ್ಟುತ್ತದೆ. ಕೈಹಿಡಿಯಷ್ಟು ಅಗಲದ ಕೊಳವೆ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಾ ಒಂದು ದಿನ ಪೂರ್ತಿ ಕಟ್ಟಿಕೊಳ್ಳುತ್ತದೆ. ಆಗ ಅದನ್ನು ಬಿಚ್ಚಿ, ದಡಕ್ಕೆ ಹೊತ್ತು ತಂದು, ಕಲ್ಲಿಗೆ ಬಡಿದು ಉದುರಿಸಬೇಕು. ಬಡಿಯುವುದು ಮೇಲೋ, ಮೊದಲಿನಿಂದಲೇ ವಿನೆಗರ್ ಸುರಿಯುತ್ತಿರುವುದು ಮೇಲೋ ಎಂಬ ವಾದಕ್ಕೆ ಮಂಡನಮಿಶ್ರರ ಮನೆಯ ಉಭಯಭಾರತಿಯೇ ಬಂದು ಕೂತರೂ ತೀರ್ಪು ಕೊಡಲಾಗುತ್ತಿರಲಿಲ್ಲ. ಸೂರ್ಯ ಹೋದದ್ದನ್ನು ಯಾರೂ ಗಮನಿಸಲಿಲ್ಲ. ಫೋಟೋ ಮಾತ್ರ ಎಲ್ಲರ ಬಳಿಯೂ ಇತ್ತು.

ಮರುದಿನ ಹಳ್ಳಿಗಳಿಗೆ ಕಾಣಿಕೆ ಒಯ್ಯಲು ಯಂಗೋನದ ಬೇರು ಕೊಳ್ಳಬೇಕಿತ್ತು. ಹೊರಗಿನವರು ಕಾವಾ ಎನ್ನುವ ಪಾನೀಯದ ಬೇರು ಅದು. ಊರಿನ ಒಂದೇ ಬೀದಿಯಲ್ಲಿ ಒಂದು ಭಾರತೀಯ ಅಂಗಡಿ. ನನ್ನ ಮುಖ ನೋಡಿ, ಹೊರಗೆ ಬೆಲೆ ಲೆಕ್ಕ ಹಾಕುತ್ತಿದ್ದ ಕ್ಯಾಪ್ಟನ್ನರ ಮುಖ ನೋಡಿ, ಹಿರಿಯ ಯಜಮಾನರು ಫಿಜಿ ಹಿಂದಿಯಲ್ಲಿ ಕೇಳಿದರು:

‘ದೋಣಿಯಲ್ಲಿ ಕೆಲಸವಾ ಬೇಟಾ? ಸಂಬಳ ಎಷ್ಟು ಕೊಡ್ತಾರೆ?’

‘ಸಂಬಳ ಇಲ್ಲ.’

‘ಊಟ?’

‘ನನ್ನ ಪಾಲಿನ ಖರ್ಚು ನಾನೇ ಹಾಕಬೇಕು.’

‘ರಾತ್ರಿ ಎದ್ದಿರಬೇಕಾ?’

‘ಪಾಳಿ ಇರುತ್ತೆ.’

‘ಕಾಗದಕ್ಕೆ ಹೆಬ್ಬೆಟ್ಟು ಏನಾದ್ರೂ ಒತ್ತಿದೀಯಾ?’

‘ಇಲ್ಲ.’

‘ಮತ್ತೆ ಓಡಿಹೋಗೋಕೆ ಏನಡ್ಡಿ?’

ಅವರ ಮುತ್ತಜ್ಜ ಮದ್ರಾಸಿನಲ್ಲಿ ಹಡಗು ಹತ್ತಿದವರಂತೆ. 1879ರ ಮೇ 14ರಂದು ಲಿಯೋನಿಡಾಸ್ ಎಂಬ ಹಡಗು ಕಲ್ಕತ್ತೆಯಿಂದ ಮೊದಲ ಗಿರ್ಮಿಟ್ ಎಂಬ ಕರಾರಿನ ಕೂಲಿಗಳನ್ನು ತಂದದ್ದು ಇದೇ ನೀರಿಗೆ. ಹಡಗಿನಲ್ಲಿ ಕಾಲರಾ, ಸಿಡುಬು. 1916ರವರೆಗೆ ಸುಮಾರು 60,000 ಜನ ಹೀಗೆ ಬಂದರು, 1903ರಿಂದ ಮದ್ರಾಸಿನಿಂದಲೂ. ಐದು ವರ್ಷ ಕಬ್ಬಿನ ಗದ್ದೆಯಲ್ಲಿ ದುಡಿಯಬೇಕು. ಇನ್ನೂ ಐದು ವರ್ಷ ಇದ್ದರೆ ಮಾತ್ರ ವಾಪಸು ಹೋಗಲು ಹಡಗಿನ ಖರ್ಚು ಸರಕಾರದ್ದು. ಹೆಚ್ಚಿನವರು ಹೋಗಲಿಲ್ಲ. ಇಂಥ ವಂಶದ ಮನುಷ್ಯನಿಗೆ, ಕಂದುಬಣ್ಣದವನೊಬ್ಬ ಬಿಳಿಯರ ದೋಣಿಯಲ್ಲಿ ಸಂಬಳವಿಲ್ಲದೆ, ಮೇಲಾಗಿ ಕೈಯಿಂದ ದುಡ್ಡು ಕೊಟ್ಟು, ನಿದ್ದೆಗೆಟ್ಟು ಸಾಗರ ದಾಟಿದ್ದಾನೆ ಎಂದು ಹೇಗೆ ನಂಬಿಸುವುದು? ನಾನು ಪ್ರಯತ್ನಿಸಲಿಲ್ಲ. ಅರ್ಧ ಕಿಲೋ ಬೇರಿಗೆ ಅವರು ಕ್ಯಾಪ್ಟನ್‌ಗೆ ಹೇಳಿದ ದರವನ್ನು ನನಗೆ ಹೇಳಲಿಲ್ಲ ಎಂಬುದಷ್ಟೇ ಸಮಾಧಾನ.

ಅಲ್ಲಿಂದ ಲಾವು ದ್ವೀಪಗಳ ಕಡೆ. ಆಗ್ನೇಯದ ಗಾಳಿಗೆ ಎದುರಾಗಿ ಹೋಗಬೇಕು, ಎಲ್ಲರೂ ವಾಂತಿ ಮಾಡಿಕೊಂಡೆವು, ಅದು ಬಿಡಿ. ಫುಲಂಗಾ ದ್ವೀಪದ ಹವಳದ ಗೋಡೆಯಲ್ಲಿ ಒಂದು ಕಿರಿದಾದ ಬಾಯಿ. ಒಳನುಗ್ಗಿದರೆ ಹಸಿರುನೀಲಿ ಕೊಳ, ಅದರ ತುಂಬ ಬುಡ ಸವೆದು ಅಣಬೆಯಾಕಾರಕ್ಕೆ ಬಂದ ಸುಣ್ಣಕಲ್ಲಿನ ಗುಡ್ಡೆಗಳು.

ಇಲ್ಲಿ ಲಂಗರು ಹಾಕಿದವರು ಮೊದಲು ಮಾಡಬೇಕಾದ್ದು ಸೆವುಸೆವು. ಊರಿನ ಪ್ರತಿನಿಧಿ ತುರಂಗ ನಿ ಕೊರೊ ಅವರನ್ನು ಕಂಡು, ಅವರ ಮೂಲಕ ಮುಖ್ಯಸ್ಥರ ಮುಂದೆ ಚಕ್ಕಂಬಕ್ಕಲ ಕೂತು ಬೇರಿನ ಕಟ್ಟನ್ನು ಒಪ್ಪಿಸಬೇಕು. ಮೊಣಕಾಲು ಮುಚ್ಚುವ ಸುಲು ಉಟ್ಟಿರಬೇಕು, ತಲೆಗೆ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ ಕೂಡದು. ಇದು ಪ್ರವಾಸಿಗರಿಗಾಗಿ ಕಟ್ಟಿದ ಆಟವಲ್ಲ. ಫಿಜಿಯ ಶೇ 80ಕ್ಕೂ ಹೆಚ್ಚು ನೆಲ ಮೂಲನಿವಾಸಿ ಕುಲಗಳದ್ದು. ದಡದಾಚೆಯ ಹವಳ, ಮೀನಿನ ಜಾಗಗಳ ಮೇಲೂ ಅವರ ಸಾಂಪ್ರದಾಯಿಕ ಹಕ್ಕಿದೆ. ಅಂದರೆ ನಾವು ನಿಂತದ್ದು ಯಾರದೋ ಹಿತ್ತಲಲ್ಲಿ, ಬೇರಿನ ಕಟ್ಟು ಬಾಗಿಲು ತಟ್ಟುವ ಕ್ರಮ. ಮರೀನಾದಲ್ಲಿ ದೋಣಿಯ ಉದ್ದ ಅಳೆದು ದಿನಬಾಡಿಗೆ ವಸೂಲು ಮಾಡಿದಾಗ ತುಟಿ ಬಿಚ್ಚದ ಕ್ಯಾಪ್ಟನ್‌ಗೆ, ಹಳ್ಳಿಯ ನಿಧಿಗೆ ಕೊಡಬೇಕಾದ ಸಣ್ಣ ಮೊತ್ತ ಕೇಳಿದೊಡನೆ ಸಮುದ್ರಕ್ಕೆ ಗಡಿಯಿಲ್ಲವೆಂಬ ತತ್ವ ಮತ್ತೆ ನೆನಪಾಯಿತು.

ತಾನೋವಾ ಎಂಬ ಮರದ ಬೋಗುಣಿಯಲ್ಲಿ ಬೇರಿನ ಪುಡಿ ಹಿಂಡಿದರು. ಕೆಸರುನೀರಿನ ಬಣ್ಣ, ಬೇರು ನೆನೆಸಿದ ಮಣ್ಣಿನ ರುಚಿ. ಒಂದು ಚಪ್ಪಾಳೆ ತಟ್ಟಿ, ತೆಂಗಿನ ಚಿಪ್ಪನ್ನು ಒಂದೇ ಉಸಿರಿಗೆ ಬರಿದು ಮಾಡಿ, ಮೂರು ಚಪ್ಪಾಳೆ ತಟ್ಟಬೇಕು. ನಾಲಿಗೆ ಜೋಮು ಹಿಡಿಯುತ್ತದೆ. ಕ್ಯಾಪ್ಟನ್ನರ ಮಾತು ನಿಂತದ್ದನ್ನು ನಾನು ಕಂಡದ್ದು ಆ ಹೊತ್ತು ಮಾತ್ರ. ಈ ಬೇರಿಗೆ ಜಗತ್ತಿನಾದ್ಯಂತ ಮಾರುಕಟ್ಟೆ ಏಕಿಲ್ಲವೋ!

ಫುಲಂಗಾದಲ್ಲಿ ಇನ್ನೊಂದು ಕ್ರಮವಿದೆ. ಬಂದ ಪ್ರತಿ ದೋಣಿಗೂ ಹಳ್ಳಿಯವರು ಒಂದು ಮನೆಯನ್ನು ಗೊತ್ತು ಮಾಡುತ್ತಾರೆ. ಇರುವಷ್ಟು ದಿನ ಅವರೇ ನಿಮ್ಮ ಕುಟುಂಬ. ನಮ್ಮ ಪಾಲಿಗೆ ಬಂದ ಮನೆಯಾಕೆ ಚಾಪೆ ಹಾಸಿ, ಬೇಯಿಸಿದ ಮರಗೆಣಸು, ತೆಂಗಿನ ಹಾಲಿನಲ್ಲಿ ನೆನೆಸಿದ ಮೀನು, ಏಡಿ ಇಟ್ಟು, ಕ್ಯಾಪ್ಟನ್ನರ ಹೆಂಡತಿಯನ್ನು ವಿಚಾರಿಸತೊಡಗಿದರು. ಮಕ್ಕಳು? ಒಬ್ಬಳು ಲಂಡನ್, ಒಬ್ಬ ಪರ್ತ್. ತಾಯಿ? ವೃದ್ಧಾಶ್ರಮದಲ್ಲಿ. ಮನೆ? ಮಾರಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಈ ವಯಸ್ಸಿನಲ್ಲಿ ನಿಮ್ಮನ್ನು ಸಮುದ್ರಕ್ಕೆ ಅಟ್ಟಿದವರು ಯಾರು ಎಂದು ಕೇಳಿದರು. ನಾವೇ ಬಂದದ್ದು, ಇದು ನಮ್ಮ ಕನಸು ಎಂದು ಇವರು ಎಷ್ಟು ಹೇಳಿದರೂ ಆಕೆ ಮರ್ಯಾದೆಗೆ ತಲೆಯಾಡಿಸಿದರೇ ಹೊರತು ನಂಬಲಿಲ್ಲ. ತಟ್ಟೆಗೆ ಇನ್ನೊಂದು ಏಡಿ ಬಿತ್ತು.

ಇದೇ ಹೊತ್ತಿಗೆ ಕ್ಯಾಪ್ಟನ್ ಅಂಗಳದಲ್ಲಿ ನಿಂತು ವಿಡಿಯೋ ಮಾಡುತ್ತಾ, ‘ಏನೂ ಇಲ್ಲದೆಯೂ ಈ ಜನ ಎಷ್ಟು ಸುಖವಾಗಿದ್ದಾರೆ ನೋಡಿ’ ಎನ್ನುತ್ತಿದ್ದರು. ಎರಡು ಪಕ್ಷದವರೂ ಪರಸ್ಪರ ಮರುಕಪಡುತ್ತಾ ಊಟ ಚೆನ್ನಾಗಿಯೇ ನಡೆಯಿತು. ಪ್ರತಿಯಾಗಿ ನಾವು ಕೊಟ್ಟದ್ದು: ಯಾವುದೋ ರ‍್ಯಾಲಿಯ ಹೆಸರು ಅಚ್ಚಾದ ಟೀ ಶರ್ಟುಗಳು, ಅವಧಿ ಮುಗಿಯುವ ಹಂತಕ್ಕೆ ಬಂದ ಬೀನ್ಸ್ ಡಬ್ಬಿಗಳು, ತುಕ್ಕು ಬಿದ್ದ ಗಾಳಗಳು. ದೋಣಿ ಹಗುರವಾಯಿತು ಎಂದು ಕ್ಯಾಪ್ಟನ್ ಸಂತೋಷಪಟ್ಟರು. ಆಮೇಲೆ ವೇಸಿ ಮರದಲ್ಲಿ ಕೆತ್ತಿದ ತಾನೋವಾ ಒಂದಕ್ಕೆ ಚೌಕಾಸಿಗೆ ಕೂತರು. ಈ ಕೆತ್ತನೆಗೆ ಫುಲಂಗಾ ಹೆಸರುವಾಸಿ, ಕೈಗೆ ಕಾಸು ಬರುವ ದಾರಿಗಳಲ್ಲಿ ಅದೂ ಒಂದು. ಕುಟುಂಬವೆಂದ ಮೇಲೆ ರಿಯಾಯಿತಿ ಕೇಳದಿದ್ದರೆ ಹೇಗೆ?

ದೋಣಿಯವರೆಲ್ಲ ಹೀಗೆಯೇ ಎಂದರೆ ತಪ್ಪಾದೀತು. 2016ರ ಫೆಬ್ರವರಿಯಲ್ಲಿ ವಿನ್ಸ್‌ಟನ್ ಚಂಡಮಾರುತ ಫಿಜಿಯನ್ನು ಸೀಳಿ 44 ಜನ ಸತ್ತಾಗ, ದೂರದ ದ್ವೀಪಗಳಿಗೆ ಅಕ್ಕಿ, ತಾಡಪಾಲು, ಔಷಧಿ ಹೊತ್ತು ಮುಟ್ಟಿಸಿದವರಲ್ಲಿ ಇಂಥದೇ ಹಾಯಿದೋಣಿಯವರು ಬಹಳ ಮಂದಿ. ಔಟ್‌ಬೋರ್ಡ್ ಇಂಜಿನ್ ರಿಪೇರಿ ಮಾಡಿಕೊಟ್ಟು, ಸದ್ದಿಲ್ಲದೆ ಹೊರಟುಹೋಗುವವರೂ ಇದ್ದಾರೆ. ಅವರು ವಿಡಿಯೋ ಮಾಡುವುದಿಲ್ಲವಾದ್ದರಿಂದ ಅವರ ಬಗ್ಗೆ ಬರೆಯಲು ಹೆಚ್ಚು ಸಾಮಗ್ರಿ ಸಿಗುವುದಿಲ್ಲ.

ನಾವು ಕೊನೆಗೆ ಬಂದು ಮುಟ್ಟಿದ್ದು ಪಶ್ಚಿಮದ ಮಲೋಲೋ ಲೈಲೈ ದ್ವೀಪದ ಮಸ್ಕೆಟ್ ಕೋವ್‌ಗೆ. ವಿದೇಶದ ಬಂದರಿನಿಂದ ಹಾಯಿದೋಣಿಯಲ್ಲಿ ಬಂದವರಿಗೆ ಇಲ್ಲಿನ ಯಾಟ್ ಕ್ಲಬ್ಬಿನಲ್ಲಿ ಆಜೀವ ಸದಸ್ಯತ್ವ. ರಿಸಾರ್ಟಿನ ಈಜುಕೊಳದ ಪಕ್ಕ ಆರಾಮ ಕುರ್ಚಿಯಲ್ಲಿ ಒರಗಿ, ರಿಸಾರ್ಟುಗಳಿಂದ ಪೆಸಿಫಿಕ್ ಹೇಗೆ ಹಾಳಾಗುತ್ತಿದೆ ಎಂದು ಕ್ಯಾಪ್ಟನ್ ಸುತ್ತಲಿನವರಿಗೆ ವಿವರಿಸುತ್ತಿದ್ದರು. ಹೊರಗಿನ ಗಾಳಿ ಸೋಕದ ಒಂದು ಹಳ್ಳಿ ತನಗೆ ಗೊತ್ತು, ಆದರೆ ಹೆಸರು ಹೇಳಲಾರೆ, ಹೇಳಿದರೆ ಎಲ್ಲರೂ ನುಗ್ಗಿ ಕೆಡಿಸಿಬಿಡುತ್ತಾರೆ ಎಂದರು. ಎರಡನೇ ಬಿಯರಿಗೆ ಹೆಸರು ಬಂತು. ಮೂರನೆಯದಕ್ಕೆ ಅಕ್ಷಾಂಶ, ರೇಖಾಂಶ, ಹವಳದ ಬಾಯಿಯ ಆಳ, ಒಳಗೆ ಹೋಗಲು ಉಬ್ಬರದ ಯಾವ ಹೊತ್ತು ವಾಸಿ ಎಂಬುದೂ ಬಂತು. ನಾಲ್ಕೈದು ಮಂದಿ ಮೊಬೈಲಿನಲ್ಲಿ ಗುರುತು ಹಾಕಿಕೊಂಡರು. ಅವರಲ್ಲೊಬ್ಬ, ಕ್ಯಾಲಿಫೋರ್ನಿಯದ ಕ್ಯಾಟಮರಾನಿನವನು, ಅಲ್ಲಿ ಜನಸಂದಣಿ ಇಲ್ಲ ತಾನೇ ಎಂದು ವಿಚಾರಿಸಿದ.

‘ಛೆ ಛೆ, ಯಾರೂ ಇಲ್ಲ,’ ಎಂದರು ಕ್ಯಾಪ್ಟನ್. ‘ನಾವಿದ್ದಾಗ ಹನ್ನೊಂದು ದೋಣಿ ಇದ್ದವು. ಎಲ್ಲ ನಮ್ಮವರೇ.’