ಒಳಗೆ ಏಳು, ಹೊರಗೆ ಎಂಟು

ಟೇಪು ಹಿಡಿದು ಬೆಂಗಳೂರಿನ ರಾಮಮೂರ್ತಿ ನಗರ ಸುತ್ತಿ ಬನ್ನಿ. ಗುಡಿ, ಮಸೀದಿ, ಚರ್ಚು, ಶಾಲೆ, ಆಸ್ಪತ್ರೆ, ನರ್ಸಿಂಗ್ ಹೋಮ್, ಇವ್ಯಾವುದರಿಂದಲೂ 200 ಮೀಟರ್ ಆಚೆ ಇರುವ ಒಂದೇ ಒಂದು ರೂಮು ಹುಡುಕಿ ಕೊಟ್ಟವರಿಗೆ ಮೈಸೂರು ಪೇಟ ತೊಡಿಸಿ ಸನ್ಮಾನ ಮಾಡಬಹುದು. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ ಏಳನೇ ಕಲಂ ಪ್ರಕಾರ ಆ ಅಳತೆಯೊಳಗೆ ಮೈ ಮಾರುವ ಕಸುಬು ನಡೆಯುವಂತಿಲ್ಲ.

ಸರಿ, ಹೊರಗೆ ಬಂದು ರಿಂಗ್ ರೋಡಿನ ಬಸ್ ಸ್ಟಾಪಿನಲ್ಲಿ ನಿಂತರೆ? ಅದು ಎಂಟನೇ ಕಲಂ. ಗಿರಾಕಿಯನ್ನು ಕರೆದಳು ಎನ್ನಲು ಮಾತೇ ಆಡಬೇಕಿಲ್ಲ, ಸನ್ನೆ ಸಾಕು. ಮೊದಲ ಸಲಕ್ಕೆ ಆರು ತಿಂಗಳವರೆಗೆ ಸಜೆ, ಇಲ್ಲವೇ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದೇ ಕೆಲಸ ಗಂಡಸು ಮಾಡಿದರೆ ಹೆಚ್ಚೆಂದರೆ ಮೂರು ತಿಂಗಳು. ಹೆಂಗಸರಿಗೆ ಬಸ್ಸು ಫ್ರೀ ಆಯಿತೆಂದು ಗೊಣಗುವ ಗಂಡಸರು ಗಮನಿಸಬೇಕು: ನಿಮಗೂ ಒಂದು ಕಡೆ ಅರ್ಧ ಟಿಕೆಟ್ ಇದೆ. ಈ ಕಸುಬೇ ಅಪರಾಧ ಅಂತ ಮಾತ್ರ ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. ಬಹಳ ಉದಾರ ಕಾಯ್ದೆ.

ಮುಂಬೈಗೆ ಕಾಮಾಟಿಪುರ ಇದೆ, ಬೆಂಗಳೂರಿಗೆ ಅಂಥ ಗಲ್ಲಿ ಇಲ್ಲ. ಬಸ್ ಸ್ಟ್ಯಾಂಡು, ಫ್ಲೈಓವರಿನ ಅಡಿ, ಲಾಡ್ಜು, ಈಗೀಗ ಮೊಬೈಲು. ಹಾಗಾಗಿ ಆರೋಗ್ಯ ಸೇವೆಯೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಹುಡುಕಿ ಹೋಗಬೇಕು. ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ದುಡ್ಡು ಕೊಡುತ್ತದೆ, ಸಂಸ್ಥೆಗಳು, ಈ ಹೆಂಗಸರದೇ ಸಂಘಗಳು ಕೆಲಸ ನಡೆಸುತ್ತವೆ. 2003ರಲ್ಲಿ ಗೇಟ್ಸ್ ಫೌಂಡೇಷನ್ನಿನ ಎಚ್‌ಐವಿ ತಡೆ ಯೋಜನೆ ‘ಆವಾಹನ್’ ಬಂದ ಮೇಲೆ ಕರ್ನಾಟಕ ಇದರಲ್ಲಿ ಚೆನ್ನಾಗಿಯೇ ಪಳಗಿತು. ಈ ಹೆಂಗಸರೇ ನಡೆಸುವ ಮೈಸೂರಿನ ಆಶೋದಯ ಸಮಿತಿಯನ್ನು ನೋಡಿ ಹೊರದೇಶದವರೂ ಕಲಿತು ಹೋಗಿದ್ದಾರೆ.

ಈ ಕೆಲಸಕ್ಕೆ ರಸ್ತೆಗಿಳಿಯುವವಳು ‘ಪೀರ್’, ಅದೇ ಕಸುಬಿನ ಹೆಂಗಸು. ಅವಳ ಬ್ಯಾಗಿನಲ್ಲಿ ಮಡಚಿ ಮಡಚಿ ಸವೆದ ಶೀಟು. ಯಾರಿಗೆ ರಕ್ತ ಪರೀಕ್ಷೆ ಆಯಿತು, ಯಾರಿಗೆ ಬಾಕಿ ಅಂತ ಟಿಕ್ಕು. ಕ್ಲಿನಿಕ್ಕಿನ ಚೀಟಿಗಳು. ಬಟ್ಟೆಯಲ್ಲಿ ಸುತ್ತಿದ ಒಂದು ಮರದ ಮಾದರಿ, ಹಾಕುವುದು ಹೇಗೆಂದು ತೋರಿಸಲು. ತಳದಲ್ಲಿ ಕಾಂಡೋಮಿನ ಪಟ್ಟಿಗಳು, ಸರ್ಕಾರವೇ ಪುಕ್ಕಟೆ ಹಂಚಲು ಕೊಟ್ಟದ್ದು. ಬೀಟಿನ ಪೊಲೀಸಪ್ಪ ಬ್ಯಾಗ್ ಬಿಚ್ಚಿಸಿದ ಕ್ಷಣ ಆರೋಗ್ಯ ಇಲಾಖೆಯ ಮಾಲು ಗೃಹ ಇಲಾಖೆಯ ಸಾಕ್ಷ್ಯವಾಗುತ್ತದೆ. ಇಲಾಖೆಗಳ ನಡುವೆ ಸಮನ್ವಯ ಇಲ್ಲ ಅಂತ ಯಾರು ಹೇಳಿದ್ದು?

ಇದಕ್ಕೂ ಸಂಸತ್ತು ಮದ್ದು ಬರೆದಿದೆ. 2017ರ ಎಚ್‌ಐವಿ ಕಾಯ್ದೆಯ 22ನೇ ಕಲಮಿನಲ್ಲಿ ಉದಾಹರಣೆಯನ್ನೇ ಕೊಟ್ಟಿದ್ದಾರೆ: ‘ಎ’ ಎಂಬಾತ ಲೈಂಗಿಕ ಕಾರ್ಯಕರ್ತೆ ‘ಬಿ’ಗೋ ಅವಳ ಗಿರಾಕಿ ‘ಸಿ’ಗೋ ಕಾಂಡೋಮ್ ಕೊಟ್ಟರೆ ಮೂವರ ಮೇಲೂ ಕೇಸು ಇಲ್ಲ. 2022ರ ಮೇ 19ರಂದು ಸುಪ್ರೀಂ ಕೋರ್ಟೂ ಹೇಳಿತು: ಕಾಂಡೋಮ್ ಅಪರಾಧವಲ್ಲ, ಅಪರಾಧಕ್ಕೆ ಸಾಕ್ಷಿಯೂ ಅಲ್ಲ, ಈ ಹೆಂಗಸರನ್ನು ಘನತೆಯಿಂದ ನಡೆಸಿಕೊಳ್ಳಿ. ಆದೇಶ ದೆಹಲಿಯಿಂದ ಹೊರಟು ಟಿನ್ ಫ್ಯಾಕ್ಟರಿ ಜಂಕ್ಷನ್‌ವರೆಗೆ ಬಂದಿರಬೇಕು. ಅಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದೆ.

ಪಾಪ, ಪೊಲೀಸರನ್ನೇ ಅಂದರೆ ಹೇಗೆ? ಬಡಾವಣೆಯ ವಾಟ್ಸಾಪ್ ಗುಂಪಿದೆಯಲ್ಲ. ರಾತ್ರಿ ಹತ್ತಕ್ಕೆ ಕಾರಿನೊಳಗಿಂದ ತೆಗೆದ ಫೋಟೊ ಬೀಳುತ್ತದೆ: ‘ಫುಲ್ ನ್ಯೂಸೆನ್ಸ್, ಯಾರಾದ್ರೂ ಆ್ಯಕ್ಷನ್ ತಗೊಳ್ಳಿ.’ ಫೋಟೊದಲ್ಲಿ ಹೆಂಗಸಿನ ಮುಖ ಸ್ಪಷ್ಟ, ಎದುರು ನಿಂತ ಬೈಕಿನ ನಂಬರ್ ಪ್ಲೇಟು ಮಾತ್ರ ಮಸುಕು. ಪೊಲೀಸರ ಹೊಯ್ಸಳ ಗಾಡಿ ಬರುತ್ತದೆ, ಹೆಂಗಸರು ಚದುರುತ್ತಾರೆ, ಗುಂಪಿನ ತುಂಬ ಹೆಬ್ಬೆರಳು. ಚದುರಿದವರು ಕಸುಬು ಬಿಟ್ಟು ಭಜನೆಗೆ ಸೇರಿದರೆಂದು ನಂಬಿಕೆ. ಅವರು ಹೋದದ್ದು ಬೀದಿದೀಪ ಇಲ್ಲದ ಕಡೆಗೆ. ಅಲ್ಲಿ ಗಿರಾಕಿಯ ಮುಖ ನೋಡಿ ಬೇಡ ಅನ್ನುವ ಹಾಗಿಲ್ಲ. ಕಾಂಡೋಮಿಗೆ ಹಟ ಹಿಡಿಯಲು ಪುರುಸೊತ್ತಿಲ್ಲ. ಕುಡಿದವನು ಚಾಕು ತೆಗೆದರೆ ಕೂಗು ಯಾರ ಕಿವಿಗೂ ಬೀಳದು. ಮಾರನೇ ದಿನ ಪೀರ್ ಬರುತ್ತಾಳೆ, ಶೀಟಿನಲ್ಲಿ ಜಾಗವಿದೆ, ಜಾಗದಲ್ಲಿ ಜನರಿಲ್ಲ. ರಕ್ತ ಪರೀಕ್ಷೆಯ ಟಿಕ್ಕು ಇನ್ನೊಂದು ತಿಂಗಳು ಮುಂದಕ್ಕೆ. ಬಡಾವಣೆ ಮಾತ್ರ ಸೇಫ್.

ಅದೇ ಗುಂಪಿನವರದು ಭಾನುವಾರ ಉಚಿತ ಆರೋಗ್ಯ ಶಿಬಿರ. ಬಿಪಿ, ಶುಗರ್, ಕಣ್ಣು. ‘ಎಲ್ಲರಿಗೂ ಸ್ವಾಗತ’ ಅನ್ನುವ ಬ್ಯಾನರು ನಂಬಿ ಪೀರ್ ಒಬ್ಬಳು ಕೇಳುತ್ತಾಳೆ ಅನ್ನಿ:

“ಸಾರ್, ಮೂಲೇಲಿ ನಮ್ದೂ ಒಂದು ಟೇಬಲ್ ಹಾಕ್ಕೊಳ್ಳೋಣ್ವಾ? ಎಚ್‌ಐವಿ ಟೆಸ್ಟು.”

“ಅಯ್ಯೋ ಬೇಡಮ್ಮ, ಫ್ಯಾಮಿಲಿಯವರೆಲ್ಲ ಬರ್ತಾರೆ.”

“ನಮ್ಮ ಹತ್ರ ಬರೋರೂ ಫ್ಯಾಮಿಲಿಯವರೇ ಸಾರ್.”